ಪಿತ್ತದ ಗಂಧೆಗೆ ಫೆಕ್ಸೊಫೆನಡಿನ್: ಎರಡು ವರ್ಷ ತೆಗೆದುಕೊಂಡ ಮೇಲೆ

ರಾತ್ರಿ ಒಂಬತ್ತಕ್ಕೆ ಅಡುಗೆಮನೆಯ ಲೈಟ್ ಆರಿಸುವ ಮೊದಲು ಒಂದು ಮಾತ್ರೆ, ಒಂದು ಲೋಟ ನೀರು. ಫೆಕ್ಸೊಫೆನಡಿನ್, 180 ಮಿಲಿಗ್ರಾಂ. ನಾನು ಈ ವಿಮರ್ಶೆ ಬರೆಯುತ್ತಿರುವುದು ಮಾತ್ರೆಗಿಂತ ಜಾಸ್ತಿ ಆ ನೀರಿನ ಸಲುವಾಗಿ.

ನನಗೆ ಗಂಧೆ ಶುರುವಾದದ್ದು ಒಂದು ಮಳೆಗಾಲದಲ್ಲಿ. ಮೊದಲು ಲಂಗದ ಲಾಡಿ ಕಟ್ಟುವ ಜಾಗ, ಆಮೇಲೆ ಬ್ಯಾಗಿನ ಪಟ್ಟಿ ಕೂರುವ ಹೆಗಲು. ಸೊಳ್ಳೆ ಕಚ್ಚಿದ ಹಾಗೆ ಒಂದು ಚುಕ್ಕೆ ಏಳುತ್ತಿತ್ತು. ಹತ್ತು ನಿಮಿಷದಲ್ಲಿ ಅದೇ ಹಪ್ಪಳದಷ್ಟು ಅಗಲ, ನಡುವೆ ಬಿಳಿಚು, ಸುತ್ತ ಕೆಂಪು. ನಮ್ಮದು ಪುತ್ತೂರು ಕಡೆ. ಅಮ್ಮ ಪುನರ್ಪುಳಿ ಸಿಪ್ಪೆ ನೆನೆಸಿ ಮೈಗೆ ಹಚ್ಚಿದರು, ಕುಡಿಯಲೂ ಕೊಟ್ಟರು. ಸ್ವಲ್ಪ ಹೊತ್ತು ತಂಪೆನಿಸುತ್ತಿತ್ತು. ದೊಡ್ಡಮ್ಮ ಕಂಬಳಿ ಹೊದಿಸಿದರು. ಅದರ ಬಿಸಿಗೂ ತಿಕ್ಕಾಟಕ್ಕೂ ಇನ್ನಷ್ಟು ಎದ್ದವು. ಬದನೆಕಾಯಿ ಬಿಟ್ಟೆ, ಮೊಟ್ಟೆ ಬಿಟ್ಟೆ, ಕಡಲೆಕಾಯಿ ಬಿಟ್ಟೆ. ತುರಿಕೆ ಬಿಡಲಿಲ್ಲ.

ಚರ್ಮದ ಡಾಕ್ಟರು ಮುಂಗೈ ಮೇಲಿನ ಒಂದು ದದ್ದಿನ ಸುತ್ತ ನೀಲಿ ಪೆನ್ನಿನಲ್ಲಿ ಗೆರೆ ಎಳೆದರು. ನಾಳೆ ಇದನ್ನೇ ನೋಡಿ ಅಂದರು. ಬೆಳಿಗ್ಗೆ ಸ್ನಾನಕ್ಕೆ ಹೋದಾಗ ನೋಡಿದೆ. ವೃತ್ತ ಹಾಗೇ ಇತ್ತು, ಒಳಗೆ ಚರ್ಮ ಸಾಫ್! ಹೊಸವು ತೊಡೆಯ ಮೇಲೆ ಬಂದಿದ್ದವು. ಮಾಮೂಲಿ ಗಂಧೆ ಹೀಗೇ, 24 ಗಂಟೆಯೊಳಗೆ ಗುರುತಿಲ್ಲದೆ ಇಳಿಯುತ್ತದಂತೆ. ಅಲ್ಲೇ ನಿಂತು ನೋವಾದರೆ, ಕಲೆ ಬಿಟ್ಟರೆ ಬೇರೆ ಪರೀಕ್ಷೆ ಬೇಕಾಗುತ್ತದೆ. ನನ್ನದು ಆರು ವಾರ ದಾಟಿದ್ದರಿಂದ ಕ್ರಾನಿಕ್ ಅರ್ಟಿಕೇರಿಯಾ, ಅಂದರೆ ದೀರ್ಘಕಾಲದ ಗಂಧೆ. ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಅನ್ನುವ ರಾಸಾಯನಿಕ ಬಿಡುಗಡೆ ಮಾಡುವುದರಿಂದ ಊತ, ತುರಿಕೆ. ಇಷ್ಟು ದಿನ ಎಳೆದರೆ ಹೆಚ್ಚಿನವರಲ್ಲಿ ಊಟ ಕಾರಣ ಆಗಿರುವುದಿಲ್ಲ ಅಂದರು. ಅವತ್ತು ಸಂಜೆ ಬದನೆಕಾಯಿ ಎಣ್ಣೆಗಾಯಿ ಮಾಡಿಕೊಂಡು ತಿಂದೆ.

ಮೊದಲು ಹಿಸ್ಟಮಿನ್ ತಡೆಯುವ ಸೆಟ್ರಿಜಿನ್ ಮಾತ್ರೆ ಕೊಟ್ಟಿದ್ದರು. ತುರಿಕೆ ಇಳಿಯಿತು, ಆದರೆ ಮೂರನೇ ಪೀರಿಯಡ್‌ಗೆ ಬೋರ್ಡ್ ಮುಂದೆ ನಿಂತಾಗಲೇ ಕಣ್ಣು ಎಳೆಯುತ್ತಿತ್ತು. ನಾನು ಸ್ಕೂಟರ್ ಓಡಿಸುವವಳು, ಭಯವಾಯಿತು. ಹಾಗಾಗಿ ಅದೇ ಕೆಲಸ ಮಾಡುವ ಫೆಕ್ಸೊಫೆನಡಿನ್‌ಗೆ ಬದಲಾಯಿಸಿದರು. ತೂಕಡಿಕೆ ಹೋಯಿತು, ಗಂಧೆ ಮಾತ್ರ ಹೋಗಲಿಲ್ಲ.

ಮೂರು ತಿಂಗಳು ಹೀಗೇ ಕಳೆದೆ. ಆಗ ಬರೆದಿದ್ದರೆ ದುಡ್ಡು ದಂಡ ಅಂತಲೇ ಬರೆಯುತ್ತಿದ್ದೆ. ಸೆಟ್ರಿಜಿನ್‌ಗಿಂತ ಇದರ ಬೆಲೆ ಜಾಸ್ತಿ, ದಿನಾ ಬೇಕು ಬೇರೆ. ಆಮೇಲೆ ಒಂದು ದಿನ ಔಷಧಿ ಅಂಗಡಿಯಲ್ಲಿ ಹೊಸದಾಗಿ ಸೇರಿದ್ದ ಹುಡುಗಿ ಕೇಳಿದಳು, "ಯಾವುದರ ಜೊತೆ ತಗೊಳ್ತೀರಿ?" ಕಿತ್ತಳೆ ಜ್ಯೂಸ್ ಜೊತೆ ಅಂದೆ. ಪಿತ್ತ ಅಂದರೆ ಉಷ್ಣ, ಜ್ಯೂಸ್ ತಂಪು ಅಂತ ನಮ್ಮ ಮನೆ ಲೆಕ್ಕ. ಅವಳು ತಲೆ ಆಡಿಸಿದಳು. ಕರುಳು ಈ ಮಾತ್ರೆಯನ್ನು ಒಳಗೆ ಎಳೆದುಕೊಳ್ಳುವ ದಾರಿಗೆ ಕಿತ್ತಳೆ, ಸೇಬು, ಗ್ರೇಪ್‌ಫ್ರೂಟ್ ಜ್ಯೂಸ್ ಅಡ್ಡ ಬರುತ್ತವೆ. ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಆಂಟಾಸಿಡ್ (ಎದೆಯುರಿಯ ಔಷಧಿ) ಕೂಡ ಅದರ ಜೊತೆ ಬೇಡ. ನುಂಗಲು ಬರೀ ನೀರು.

ಇಷ್ಟು ದಿನ ಯಾರೂ ಇದನ್ನು ಹೇಳಿರಲಿಲ್ಲ. ಹತ್ತು ಮಾತ್ರೆ ಕತ್ತರಿಸಿ ಕೊಡುತ್ತಿದ್ದರು, ಜೊತೆಗೆ ಮಾಹಿತಿ ಚೀಟಿಯೂ ಇರುತ್ತಿರಲಿಲ್ಲ. ನನಗೆ ಸಿಟ್ಟು ಬಂದದ್ದು ಇಲ್ಲೇ. ಮೂರು ತಿಂಗಳ ನಿದ್ದೆ ಅದು, ಅಲ್ವಾ?

ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನಾ ಪೆನ್ಸಿಲ್‌ನಿಂದ ಎರಡು ಅಂಕಿ ಬರೆಯುತ್ತೇನೆ. ದದ್ದಿಗೆ 0ಯಿಂದ 3, ತುರಿಕೆಗೆ 0ಯಿಂದ 3. ವಾರಕ್ಕೆ ಕೂಡಿದರೆ ಹೆಚ್ಚೆಂದರೆ 42. ಜ್ಯೂಸ್ ಕುಡಿದ ವಾರಗಳಲ್ಲಿ 27, 25, 28. ನೀರಿಗೆ ಬದಲಾದ ಮೂರನೇ ವಾರ 9. ಆ ಹಾಳೆಯನ್ನು ಹರಿದು ಫೈಲ್‌ನಲ್ಲಿ ಇಟ್ಟುಕೊಂಡಿದ್ದೇನೆ.

ತುರಿಕೆ ಬಂದಾಗ ಮಾತ್ರ ತೆಗೆದುಕೊಂಡರೆ ನನಗೆ ಉಪಯೋಗ ಆಗಲಿಲ್ಲ. ದಿನಾ ತಪ್ಪದೆ ಬೇಕು. ಸಾಲದಿದ್ದರೆ ಡೋಸ್ ಏರಿಸುವುದು ಡಾಕ್ಟರ ಕೆಲಸ, ಸುಮ್ನೆ ನಾವೇ ಎರಡು ನುಂಗಬಾರದು. ತಲೆನೋವಿಗೆ ಐಬುಪ್ರೊಫೆನ್ ತಗೊಂಡ ದಿನ ನನಗೆ ಮತ್ತೆ ಎದ್ದಿತ್ತು. ತುಟಿಯೂ ದಪ್ಪಗಾಯಿತು. ನಾಲಿಗೆ ಊದಿದರೆ, ಗಂಟಲು ಬಿಗಿದರೆ, ಉಸಿರು ಕಟ್ಟಿದರೆ ಈ ಮಾತ್ರೆ ನಂಬಿ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ.

ಈಗ ಜನೌಷಧಿ ಅಂಗಡಿಯಲ್ಲಿ ತಗೊಳ್ಳುತ್ತೇನೆ, ಖರ್ಚು ಹಗುರವಾಗಿದೆ. ಕಳೆದ ವಾರ ಕ್ಯಾಲೆಂಡರ್ ತುಂಬ ಸೊನ್ನೆ. ಅಮ್ಮ ಈಗಲೂ ಊರಿಂದ ಪುನರ್ಪುಳಿ ಕಳಿಸುತ್ತಾರೆ. ಅದನ್ನು ಮಧ್ಯಾಹ್ನ ಊಟದ ಜೊತೆ ಕುಡಿಯುತ್ತೇನೆ, ಮಾತ್ರೆಯಿಂದ ದೂರ.