ಹಳೆಯ ಡೈನೋಸಾರ್ ಚಿತ್ರದ ಡಿವಿಡಿಗೆ ಹಣ ಕಟ್ಟುವ ಮುನ್ನ ಇದನ್ನು ಓದಿ

‘ದಿ ಲ್ಯಾಂಡ್ ಬಿಫೋರ್ ಟೈಮ್’ ಚಿತ್ರದ ಒರಿಜಿನಲ್ ಡಿವಿಡಿ ಎಂದು ಆನ್‌ಲೈನ್‌ನಲ್ಲಿ ಮಾರುವವರ ಬಗ್ಗೆ ದಯವಿಟ್ಟು ಎಚ್ಚರವಾಗಿರಿ. ನನಗೆ ಮೋಸವಾಗಿದೆ. ಹಣ ಹೋದದ್ದು ಹಾಗಿರಲಿ, ಮಕ್ಕಳ ಮುಂದೆ ಆದ ಅವಮಾನಕ್ಕೆ ಇನ್ನೂ ಹೊಟ್ಟೆ ಉರಿಯುತ್ತಿದೆ.

ನಾನು ಕೇಳಿದ್ದು 1988ರ ಮೊದಲ ಚಿತ್ರ. ಡಾನ್ ಬ್ಲೂತ್ ನಿರ್ದೇಶಿಸಿದ್ದು. ತಾಯಿಯನ್ನು ಕಳೆದುಕೊಂಡ ಪುಟ್ಟ ಡೈನೋಸಾರ್ ಲಿಟಲ್‌ಫುಟ್ ಗೆಳೆಯರೊಂದಿಗೆ ಹಸಿರು ಕಣಿವೆ ಹುಡುಕಿಕೊಂಡು ಹೋಗುವ ಕಥೆ. ಆಮೇಲೆ ಇದೇ ಹೆಸರಿನಲ್ಲಿ 13 ಭಾಗಗಳು ಬಂದಿವೆ. ಅದಕ್ಕೇ ಮಾರುವವನಿಗೆ ಬಿಡಿಸಿ ಬರೆದಿದ್ದೆ: ಮೊದಲನೆಯದೇ ಬೇಕು, 69 ನಿಮಿಷದ್ದು. “ಅದೇ ಮೇಡಂ, ಸೀಲ್ ಒಡೆಯದ ಒರಿಜಿನಲ್” ಎಂದ. ಹಣವನ್ನೂ ಮೊದಲೇ ಕಟ್ಟಿಸಿಕೊಂಡ.

ಮಗಳಿಗೂ ಅಕ್ಕನ ಮಕ್ಕಳಿಗೂ ಕಥೆ ಹೇಳಿ ಹೇಳಿ ಆಸೆ ಹುಟ್ಟಿಸಿದ್ದೆ. ಭೂಕಂಪ, ಅಟ್ಟಿಸಿಕೊಂಡು ಬರುವ ಟಿ-ರೆಕ್ಸ್, ತಾಯಿ ಮಗನಿಗೆ ಕೊಡುವ ನಕ್ಷತ್ರದ ಆಕಾರದ ಎಲೆ. ಎಲ್ಲರೂ ಟಿವಿ ಮುಂದೆ ಕುಳಿತರು. ನೋಡಿದರೆ ಲಿಟಲ್‌ಫುಟ್ ಆಗಲೇ ಕಣಿವೆಯಲ್ಲಿ ಅಜ್ಜ ಅಜ್ಜಿಯ ಜೊತೆ ಹಾಯಾಗಿದ್ದಾನೆ! ಸ್ವಲ್ಪ ಹೊತ್ತಿಗೆ ಹಾಡು ಬೇರೆ! ಮೊದಲ ಚಿತ್ರದಲ್ಲಿ ಪಾತ್ರಗಳು ಹಾಡುವುದೇ ಇಲ್ಲ. ಡಯಾನಾ ರಾಸ್ ಹಾಡಿದ ಒಂದು ಹಾಡು ಬರುವುದು ಕಥೆ ಮುಗಿದ ಮೇಲೆ. “ಅಮ್ಮಾ, ಅವನ ಅಮ್ಮ ಎಲ್ಲಿ?” ಎಂದು ಮಗಳು ಕೇಳಿದಳು. ಏನು ಹೇಳಲಿ? ಅವನು ಕಳುಹಿಸಿದ್ದು 1994ರ ಎರಡನೇ ಭಾಗ.

ಡಿಸ್ಕ್ ತೆಗೆದು ತಿರುಗಿಸಿ ನೋಡಿದೆ. ಕೆಳಗೆಲ್ಲ ನೇರಳೆ ಬಣ್ಣ. ಕಂಪನಿಯಲ್ಲಿ ಅಚ್ಚಾದ ಡಿಸ್ಕ್ ಬೆಳ್ಳಿಯ ಬಣ್ಣಕ್ಕಿರುತ್ತದೆ. ಇದು ಕಂಪ್ಯೂಟರಿನಲ್ಲಿ ಬರ್ನ್ ಮಾಡಿದ ನಕಲು. ಮೇಲಿನ ಹೊದಿಕೆ ಮೊದಲ ಚಿತ್ರದ್ದೇ, ಆದರೆ ಕಲರ್ ಜೆರಾಕ್ಸ್. ಹಿಂಬದಿಯ ಅಕ್ಷರ ಒಂದೂ ಓದಲು ಬರುವುದಿಲ್ಲ.

ಕೇಳಿದರೆ ಬಂದ ಉತ್ತರ: “ಡೈನೋಸಾರ್ ಅವೇ ಅಲ್ಲವೇ ಮೇಡಂ? ಮಕ್ಕಳಿಗೆ ಏನು ಗೊತ್ತಾಗುತ್ತದೆ?”

ಮಕ್ಕಳಿಗೆ ಏನು ಗೊತ್ತಾಗುತ್ತದೆಯಂತೆ! ಮೊದಲು ಗೊತ್ತಾದದ್ದೇ ಮಕ್ಕಳಿಗೆ. ನೇರಳೆ ಡಿಸ್ಕಿನ ಫೋಟೋ ಕಳುಹಿಸಿದ ಮೇಲೆ ಮಾತು ತಿರುಗಿತು: “ನಿಮ್ಮ ಪ್ಲೇಯರ್‌ನ ರೀಜನ್ ಸಮಸ್ಯೆ.” ರೀಜನ್ ಎಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡಬೇಕು ಎಂಬ ಗುರುತು. ಅದು ಹೊಂದದಿದ್ದರೆ ಡಿಸ್ಕ್ ಓಡುವುದಿಲ್ಲ, ಅಷ್ಟೇ. ಒಂದು ಚಿತ್ರ ಹೋಗಿ ಇನ್ನೊಂದು ಬರುತ್ತದೆಯೇ? ಕೊನೆಗೆ, “ಸೀಲ್ ಒಡೆದರೆ ವಾಪಸ್ ಇಲ್ಲ.” ಸೀಲ್ ಒಡೆಯದೆ ಒಳಗೆ ಏನಿದೆ ಎಂದು ನೋಡುವುದು ಹೇಗೆ? ಇಷ್ಟೆಲ್ಲ ಆದ ಮೇಲೂ, ಐದು ಸ್ಟಾರ್ ಕೊಟ್ಟರೆ ಮುಂದಿನ ಆರ್ಡರಿಗೆ ರಿಯಾಯಿತಿ ಕೊಡುತ್ತೇನೆ ಎಂದು ಸಂದೇಶ ಕಳುಹಿಸಿದ್ದಾನೆ. ಎಂಥ ಧೈರ್ಯ!

ಅವನ ‘ವಾಪಸ್ ಇಲ್ಲ’ ಎಂಬ ಮಾತಿಗೆ ಬೆಲೆ ಇಲ್ಲ. ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ವಸ್ತುವನ್ನು ಮಾರಾಟಗಾರ ವಾಪಸ್ ಪಡೆಯಲೇಬೇಕು ಎಂದು 2020ರ ಇ-ಕಾಮರ್ಸ್ ನಿಯಮಗಳಲ್ಲಿಯೇ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಅವನ ಸಂದೇಶಗಳನ್ನೆಲ್ಲ ತೆಗೆದಿಟ್ಟುಕೊಂಡಿದ್ದೇನೆ. ನೀವೂ ಕೊಳ್ಳುವುದಿದ್ದರೆ ಡಿಸ್ಕಿನ ಕೆಳಭಾಗದ ಫೋಟೋ ಕೇಳಿ. ಸೀಲ್ ಇದೆ, ತೋರಿಸಲಾಗದು ಎಂದರೆ ಹಣ ಕಟ್ಟಬೇಡಿ. ಪೊಟ್ಟಣ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಮಕ್ಕಳನ್ನು ಕೂರಿಸುವ ಮೊದಲು ನೀವೊಬ್ಬರೇ ಹಾಕಿ ನೋಡಿ. ಅವನ ಜಾಹೀರಾತು ಇವತ್ತಿಗೂ ಹಾಗೇ ಇದೆ, ಅದೇ ‘ಒರಿಜಿನಲ್’ ಎಂಬ ಪದದೊಂದಿಗೆ.