ಎಂಎಸ್ಸಿ ಪ್ರಾಜೆಕ್ಟಿಗೆ ಬ್ಲೇಜಾರೋ, ಹೊಳಪು ಅಷ್ಟಾಗಿ ಬದಲಾಗದ ರೇಡಿಯೋ ಮೂಲವೋ?

ಬೆಳಗಾವಿಯಲ್ಲಿ ಎಂಎಸ್ಸಿ ಭೌತಶಾಸ್ತ್ರ ಓದುವವರು ಇದನ್ನು ಕೇಳುತ್ತಲೇ ಇರುತ್ತಾರೆ. ಬಿಎಲ್ ಲ್ಯಾಸರ್ಟೆಯಂಥ ಬ್ಲೇಜಾರಿನಲ್ಲಿ (ನಡುವಿನ ಕಪ್ಪುಕುಳಿಯ ಬಳಿಯಿಂದ ಜೆಟ್, ಅಂದರೆ ಕಣಗಳ ಚಿಲುಮೆ, ಹೊಮ್ಮಿಸುವ ದೂರದ ಗೆಲಾಕ್ಸಿ) ಮಜಾ ಜಾಸ್ತಿ: ಅದರ ಜೆಟ್ ಹೆಚ್ಚುಕಡಿಮೆ ನಮ್ಮ ಕಡೆಗೇ ಮುಖ ಮಾಡಿರುವುದರಿಂದ ಹೊಳಪಿನ ಏರಿಳಿತ ದೊಡ್ಡದಾಗಿ, ಬೇಗಬೇಗ ಕಾಣುತ್ತದೆ, ಸ್ಫೋಟವಾದರೆ ಸಾಮಾನ್ಯವಾಗಿ ಮೊದಲು ಹೆಚ್ಚಿನ ಆವರ್ತನದಲ್ಲಿ ಕಂಡು ಆಮೇಲೆ ಕಡಿಮೆ ಆವರ್ತನದಲ್ಲಿ ಕಾಣುತ್ತದೆ. 1929ರಲ್ಲಿ ಇದನ್ನು ನಕ್ಷತ್ರ ಅಂತಲೇ ದಾಖಲಿಸಿದ್ದರು! ಆದರೆ ವರ್ಷಗಟ್ಟಲೆ ಡೇಟಾ ಬೇಕು. ಬೇರೆ ಬೇರೆ ವರ್ಷದ ಸರ್ವೇ ಅಂಕಿಗಳನ್ನು ಸುಮ್ನೆ ಜೋಡಿಸಿದರೆ ಸ್ಪೆಕ್ಟ್ರಮ್ಮೇ (ಯಾವ ಆವರ್ತನದಲ್ಲಿ ಎಷ್ಟು ಹೊಳಪು ಅನ್ನುವ ಚಿತ್ರ) ತಪ್ಪಾಗುತ್ತದೆ, ಅಲ್ವಾ?

ಪಿಕೆಎಸ್ 1934-638 ಅನ್ನುವ ರೇಡಿಯೋ ಗೆಲಾಕ್ಸಿ ತದ್ವಿರುದ್ಧ. ಅದರ ಸ್ಪೆಕ್ಟ್ರಮ್ ಸುಮಾರು 1.4 ಗಿಗಾಹರ್ಟ್ಸ್ ಬಳಿ ಗುಡ್ಡದಂತೆ ಏರಿ ಇಳಿಯುತ್ತದೆ, ಹೊಳಪು ಬದಲಾಗುವುದು ತೀರಾ ಕಡಿಮೆ. ಆಸ್ಟ್ರೇಲಿಯಾದ ರೇಡಿಯೋ ಖಗೋಳಜ್ಞರು ಬೇರೆ ಮೂಲಗಳ ಹೊಳಪು ಅಳೆಯಲು ಅದನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ.

ಒಂದೇ ಸೆಮಿಸ್ಟರ್ ಇದ್ದರೆ ಇಂಥದ್ದೇ ವಾಸಿ. ಉತ್ತರದ ಆಕಾಶದಲ್ಲಿ ಇಂಥವು ಬೇಕಾದರೆ ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೋ ದೂರದರ್ಶಕದ 150 ಮೆಗಾಹರ್ಟ್ಸ್ ಸರ್ವೇ ಪುಕ್ಕಟೆ ಸಿಗುತ್ತದೆ.