ಲ್ಯಾನೋಲಿನ್ ನಿಪ್ಪಲ್ ಕ್ರೀಮ್: ಬಾಣಂತನದಿಂದ ಹಾಲು ಬಿಡಿಸುವವರೆಗೆ ಬಳಸಿದ ಮೇಲೆ

ಹಾಲು ಕುಡಿಸುವಾಗ ತೊಟ್ಟು ಒಡೆದು, ನೋವು ತಡೆಯಲಾಗದೆ, ಯಾವ ಕ್ರೀಮ್ ತಗೊಳ್ಳಲಿ ಅಂತ ಹುಡುಕುತ್ತಿದ್ದೀರಾ? ಹಾಗಾದರೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಶುದ್ಧ ಲ್ಯಾನೋಲಿನ್ (ಕುರಿ ಉಣ್ಣೆಯ ಜಿಡ್ಡು) ಕ್ರೀಮ್ ತಗೊಳ್ಳಿ, ಚಿಕ್ಕ ಟ್ಯೂಬ್ ಸಾಕು. ಉರಿ ಕಡಿಮೆಯಾಗುತ್ತದೆ, ಗಾಯಕ್ಕೆ ಬಟ್ಟೆ ಅಂಟುವುದು ತಪ್ಪುತ್ತದೆ. ಆದರೆ ತೊಟ್ಟು ಯಾಕೆ ಒಡೆಯಿತು ಅನ್ನುವುದನ್ನು ಯಾವ ಕ್ರೀಮೂ ಸರಿ ಮಾಡುವುದಿಲ್ಲ. ಅದನ್ನು ಸರಿ ಮಾಡಬೇಕಾದರೆ ನೀವು ಹಾಲು ಕುಡಿಸುವಾಗ ತಿಳಿದವರೊಬ್ಬರು ಪಕ್ಕದಲ್ಲಿ ಕೂತು ನೋಡಬೇಕು. ನನಗೆ ಎರಡೂ ಸಿಕ್ಕಿತು. ಎರಡನೆಯದು ಸಿಕ್ಕ ಮೇಲೇ ಗಾಯ ಮಾಯಿತು.

ನನ್ನ ತವರು ಮಂಡ್ಯ, ಗಂಡನ ಮನೆ ಮೈಸೂರಿನ ಕುವೆಂಪುನಗರ. ಬಾಣಂತನ ಅಮ್ಮನ ಮನೆಯಲ್ಲಾಯಿತು. ಮಗಳಿಗೆ ಈಗ ಎರಡು ವರ್ಷ ದಾಟಿದೆ, ಹಾಲು ಬಿಡಿಸಿಯೂ ಆಗಿದೆ. ಇಷ್ಟು ಕಾಲ ಬಳಸಿದ ಮೇಲೆ ಬರೆಯೋಣ ಅಂತ ಕಾದಿದ್ದೆ. ಯಾಕೆಂದರೆ ಈ ಕ್ರೀಮಿನ ವಿಮರ್ಶೆಗಳಲ್ಲಿ ಮೊದಲ ವಾರದಲ್ಲೇ ಐದು ಸ್ಟಾರ್ ಕೊಟ್ಟು ಹೋದವರು ಜಾಸ್ತಿ. ಆ ವಾರದಲ್ಲಿ ಏನು ಹಚ್ಚಿದರೂ ಗುಣವಾದ ಹಾಗೆ ಕಾಣುತ್ತದೆ. ಅದಕ್ಕೆ ಕಾರಣ ಇದೆ, ಮುಂದೆ ಹೇಳುತ್ತೇನೆ.

ನೋವಿನ ವಿಷಯ ಮೊದಲು. ಹೆರಿಗೆಯಾದ ಮೂರನೇ ದಿನಕ್ಕೆ ಎರಡೂ ತೊಟ್ಟು ಬಿರುಕು ಬಿಟ್ಟಿದ್ದವು. ಮಗು ಬಾಯಿ ಹಾಕಿದ ತಕ್ಷಣ ಹಲ್ಲು ಕಚ್ಚಿಕೊಂಡು ಮಂಚದ ಅಂಚು ಹಿಡಿದುಕೊಳ್ಳುತ್ತಿದ್ದೆ. ಮಗು ಹಸಿದು ಅಳಲು ಶುರು ಮಾಡಿದರೆ ಪಾಪ ಅನ್ನಿಸುವ ಮೊದಲು ಭಯ ಆಗುತ್ತಿತ್ತು. ನೋಡಲು ಬಂದವರೆಲ್ಲ ಒಂದೇ ಮಾತು: "ಎಲ್ಲರ್ಗೂ ಹಂಗೇ ಕಣವ್ವ, ತಡ್ಕೊ." ಈ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲ ಕೆಲವು ದಿನ ತೊಟ್ಟು ಸೂಕ್ಷ್ಮವಾಗಿರುತ್ತದೆ, ಮಗು ಎಳೆಯಲು ಶುರು ಮಾಡಿದಾಗ ಸ್ವಲ್ಪ ಹೊತ್ತು ಚುರುಕ್ ಅನ್ನುತ್ತದೆ, ಅಷ್ಟು ಸಹಜ. ಕುಡಿದು ಮುಗಿಸುವವರೆಗೂ ನೋವು ಇದ್ದರೆ, ಬಿರುಕು ಬಿಟ್ಟರೆ, ರಕ್ತ ಬಂದರೆ, ಎಲ್ಲೋ ಏನೋ ಸರಿಯಿಲ್ಲ ಅಂತಲೇ ಅರ್ಥ. ತಡೆದುಕೊಂಡು ಕೂರುವ ನೋವಲ್ಲ ಅದು.

ಅಮ್ಮನಿಗೆ ತಿಳಿದದ್ದು ಬೆಣ್ಣೆ ಮತ್ತು ಕೊಬ್ಬರಿ ಎಣ್ಣೆ. ಅಜ್ಜಿ ಹರಳೆಣ್ಣೆ ಅಂದರು. ಕೊಬ್ಬರಿ ಎಣ್ಣೆ ತಂಪಾಗಿತ್ತು, ಆದರೆ ರವಿಕೆಗೆ ಇಳಿದುಹೋಗುತ್ತಿತ್ತು, ಸ್ವಲ್ಪ ಹೊತ್ತಿಗೇ ಮತ್ತೆ ಒಣಗಿ ಎಳೆಯುತ್ತಿತ್ತು. ಹರಳೆಣ್ಣೆ ಮಗುವಿನ ಹೊಟ್ಟೆಗೆ ಹೋದರೆ ಭೇದಿಯಾಗಬಹುದು, ಹಾಗಾಗಿ ಬೇಡ ಅಂದೆ. ಯಾರೋ ಜೇನುತುಪ್ಪ ಹಚ್ಚು ಅಂದರು. ಇದನ್ನು ದಯವಿಟ್ಟು ಮಾಡಬೇಡಿ. ಒಂದು ವರ್ಷ ತುಂಬುವವರೆಗೆ ಮಗುವಿನ ಬಾಯಿಗೆ ಜೇನು ಸೋಕಬಾರದು. ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾದಿಂದ ಬೊಟುಲಿಸಂ ಅನ್ನುವ ಗಂಭೀರ ಕಾಯಿಲೆ ಬರಬಹುದು. ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವ ಪದ್ಧತಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ, ಅದಕ್ಕೂ ಇದೇ ಮಾತು. ಇನ್ನು ಬಾಣಂತಿ ಸ್ನಾನ. ಬಿಸಿಬಿಸಿ ನೀರು, ಮೈಗೆಲ್ಲ ಸೋಪು, ಆಮೇಲೆ ಸಾಂಬ್ರಾಣಿ ಹೊಗೆ. ಬೆನ್ನಿಗೆ ಸೊಂಟಕ್ಕೆ ಹಾಯ್ ಅನ್ನಿಸುತ್ತಿತ್ತು, ಅದನ್ನು ಬಿಡಿ ಅನ್ನುವುದಿಲ್ಲ. ತೊಟ್ಟಿಗೆ ಮಾತ್ರ ಸೋಪು ಬೇಡ. ತೊಟ್ಟಿನ ಸುತ್ತ ಕಾಣುವ ಸಣ್ಣ ಗುಳ್ಳೆಗಳಂಥ ಗ್ರಂಥಿಗಳು ತಾವೇ ಎಣ್ಣೆ ಬಿಡುತ್ತವೆ, ಸೋಪು ಆ ಎಣ್ಣೆಯನ್ನು ತೊಳೆದುಹಾಕುತ್ತದೆ. ಚರ್ಮ ಒಣಗಿ ಇನ್ನಷ್ಟು ಬಿರಿಯುತ್ತದೆ.

ಲ್ಯಾನೋಲಿನ್ ಅಂದರೆ ಕುರಿ ಉಣ್ಣೆಯಿಂದ ತೆಗೆದ ಜಿಡ್ಡು. ಅದನ್ನು ಚೆನ್ನಾಗಿ ಶುದ್ಧ ಮಾಡಿ ಟ್ಯೂಬಿಗೆ ತುಂಬುತ್ತಾರೆ. ನಮ್ಮ ಬೀದಿಯ ಮೆಡಿಕಲ್ಲಿನಲ್ಲಿ ಇರಲಿಲ್ಲ, ವಿ.ವಿ. ರಸ್ತೆಯ ಅಂಗಡಿಯಲ್ಲೂ ತರಿಸಿಕೊಡ್ತೀವಿ ಅಂದರು. ಕೊನೆಗೆ ಗಂಡ ಮೈಸೂರಿನಿಂದ ತಂದರು. ಮೊದಲು ಲ್ಯಾನ್ಸಿನೋ, ಆಮೇಲೆ ಮೆಡೆಲಾದ ಪ್ಯೂರ್‌ಲ್ಯಾನ್ ಬಳಸಿದೆ. ಎರಡರಲ್ಲೂ ಇರುವುದು ಲ್ಯಾನೋಲಿನ್ ಒಂದೇ, ಬೇರೇನೂ ಬೆರೆಸಿಲ್ಲ. ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಯಾವುದು ಸಿಗುತ್ತದೋ ಅದನ್ನು ತಗೊಳ್ಳಿ, ಆದರೆ ಪೆಟ್ಟಿಗೆ ಮೇಲೆ ಏನೇನು ಹಾಕಿದ್ದಾರೆ ಅನ್ನುವುದನ್ನು ಓದಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2008ರಲ್ಲಿ ಅಮೆರಿಕದ ಆಹಾರ ಮತ್ತು ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ನಿಪ್ಪಲ್ ಕ್ರೀಮ್ ಬಳಸಬೇಡಿ ಅಂತ ತಾಯಂದಿರಿಗೆ ಎಚ್ಚರಿಕೆ ಕೊಟ್ಟಿತ್ತು. ಅದರಲ್ಲಿದ್ದ ಕ್ಲೋರ್‌ಫೆನೆಸಿನ್ ಮತ್ತು ಫಿನಾಕ್ಸಿಎಥನಾಲ್ ಅನ್ನುವ ಎರಡು ವಸ್ತುಗಳಿಂದ ಎಳೆ ಮಗುವಿಗೆ ಉಸಿರಾಟದ ತೊಂದರೆ ಅಥವಾ ವಾಂತಿ ಭೇದಿ ಆಗಬಹುದಿತ್ತು. ಮಗುವಿನ ಬಾಯಿಗೆ ನೇರವಾಗಿ ಹೋಗುವ ವಸ್ತು ಇದು, ಅಲ್ವಾ? ಸುವಾಸನೆ, ಬಣ್ಣ, ಉದ್ದುದ್ದ ಹೆಸರಿನ ರಾಸಾಯನಿಕ ಇದ್ದರೆ ನಾನು ಮುಟ್ಟುವುದಿಲ್ಲ.

ಬಳಸುವ ರೀತಿ ಸುಲಭ. ಮಗು ಕುಡಿದಾದ ಮೇಲೆ ಒಂದೆರಡು ಹನಿ ಹಾಲು ಹಿಂಡಿ ತೊಟ್ಟಿಗೇ ಸವರಿ, ಗಾಳಿಗೆ ಆರಲು ಬಿಡಿ. ಆಮೇಲೆ ಬಟಾಣಿಗಿಂತ ಚಿಕ್ಕದಾಗಿ ಕ್ರೀಮ್ ತಗೊಂಡು ಬೆರಳಲ್ಲಿ ಹದ ಮಾಡಿ ಮೇಲೆ ಮೆತ್ತಿ. ಉಜ್ಜಬೇಡಿ, ಉಜ್ಜಿದರೆ ಪ್ರಾಣ ಹೋದಂತಾಗುತ್ತದೆ. ಬೆಳಗಿನ ಚಳಿಗೆ ಇದು ಮೇಣದ ಹಾಗೆ ಗಟ್ಟಿಯಾಗುತ್ತದೆ, ಟ್ಯೂಬನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡರೆ ಇಳಿಯುತ್ತದೆ. ಮತ್ತೆ ಕುಡಿಸುವ ಮೊದಲು ಒರೆಸಬೇಕಿಲ್ಲ. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ರಾತ್ರಿ ಎರಡು ಗಂಟೆಗೆ ಮಗು ಎದ್ದು ಕಿರುಚುವಾಗ ಹತ್ತಿ ಹುಡುಕಿ, ನೀರು ತಂದು, ಗಾಯ ಒರೆಸಿ ಕೂರಲು ಯಾರಿಂದ ಆಗುತ್ತದೆ?

ಕಿರಿಕಿರಿಯೂ ಇದೆ. ಬೆರಳಿಗೆ ಮೆತ್ತಿದರೆ ಸೋಪಿಗೂ ಬೇಗ ಬಿಡುವುದಿಲ್ಲ. ಕಾಟನ್ ರವಿಕೆಯ ಮೇಲೆ ಎಣ್ಣೆ ಕಲೆ ನಿಲ್ಲುತ್ತದೆ, ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಬಿಸಿನೀರಲ್ಲಿ ನೆನೆಸಿದರೆ ಅರ್ಧಕ್ಕರ್ಧ ಹೋಗುತ್ತದೆ. ಬೆಲೆ ಜಾಸ್ತಿಯೇ. ಆದರೆ ಸ್ವಲ್ಪವೇ ಸಾಕಾಗುವುದರಿಂದ ಹತ್ತು ಗ್ರಾಂ ಟ್ಯೂಬ್ ನಾನು ಅಂದುಕೊಂಡಿದ್ದಕ್ಕಿಂತ ಹೆಚ್ಚು ದಿನ ಬಂತು. ಉಣ್ಣೆ ಬಟ್ಟೆ ಹಾಕಿಕೊಂಡರೆ ಮೈ ಕೆರೆಯುವವರು ಇದ್ದರೆ ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ.

ಈಗ ಮುಖ್ಯ ವಿಷಯ. ಕ್ರೀಮ್ ಹಚ್ಚುತ್ತಿದ್ದೆ, ಉರಿ ಇಳಿಯುತ್ತಿತ್ತು, ಮತ್ತೆ ಮಗು ಕುಡಿದರೆ ಅದೇ ಬಿರುಕು ಬಾಯಿ ತೆರೆಯುತ್ತಿತ್ತು. ನಮ್ಮ ಬೀದಿಯಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತಿಯಾದ ಒಬ್ಬರು ಸಿಸ್ಟರ್ ಇದ್ದಾರೆ. ಅಮ್ಮ ಅವರನ್ನು ಕರೆದುಕೊಂಡು ಬಂದರು. ಅವರು ಕ್ರೀಮ್ ಕಡೆ ನೋಡಲೂ ಇಲ್ಲ. "ಕುಡಿಸು, ನೋಡ್ತೀನಿ" ಅಂದರು. ಮಗು ಕುಡಿದು ಎದೆ ಬಿಟ್ಟ ಮೇಲೆ ತೊಟ್ಟನ್ನು ನೋಡಿದರು. ಅದು ಒಂದು ಕಡೆ ಚಪ್ಪಟೆಯಾಗಿ, ತುದಿ ಓರೆಯಾಗಿತ್ತು. "ನೋಡವ್ವ, ಮಗ ಬರೀ ತೊಟ್ಟ ಅಗೀತಾ ಅದೆ. ತೊಟ್ಟ ಕೊಡಬ್ಯಾಡ, ಎದೆ ಕೊಡು" ಅಂದರು.

ಅವರು ತೋರಿಸಿಕೊಟ್ಟದ್ದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಜನರಿಗೆ ಇದನ್ನು ಯಾರೂ ತೋರಿಸಿರುವುದಿಲ್ಲ. ಮೊದಲು ನೀವು ಬೆನ್ನಿಗೆ ದಿಂಬು ಕೊಟ್ಟು ಒರಗಿ ಕೂರಿ. ಮಗುವಿನ ಮೇಲೆ ಬಗ್ಗಬೇಡಿ, ಮಗುವನ್ನೇ ಎದೆ ಹತ್ತಿರ ತನ್ನಿ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ, ಕತ್ತು ತಿರುಚಿರಬಾರದು. ಮಗುವಿನ ಮೂಗು ತೊಟ್ಟಿನ ನೇರಕ್ಕೆ ಬರಬೇಕು, ಬಾಯಲ್ಲ, ಮೂಗು. ತೊಟ್ಟನ್ನು ಮೇಲ್ತುಟಿಗೆ ಸವರಿ ಕಾಯಿರಿ. ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆದಾಗ, ಗದ್ದ ಮೊದಲು ಎದೆಗೆ ತಾಗುವ ಹಾಗೆ ಬೇಗ ಹತ್ತಿರ ಎಳೆದುಕೊಳ್ಳಿ. ಸರಿಯಾಗಿ ಹಿಡಿದಿದ್ದರೆ ಕೆಳತುಟಿ ಹೊರಗೆ ಮಡಚಿರುತ್ತದೆ. ತೊಟ್ಟಿನ ಸುತ್ತಲ ಕಪ್ಪು ಭಾಗ ಕೆಳಗಿಗಿಂತ ಮೇಲೆ ಜಾಸ್ತಿ ಕಾಣುತ್ತದೆ. ಚಪ್ ಚಪ್ ಸದ್ದು ಬರುವುದಿಲ್ಲ, ನುಂಗುವ ಸದ್ದು ಬರುತ್ತದೆ. ನೋವಾದರೆ ಹಾಗೇ ಎಳೆಯಬೇಡಿ, ತೊಳೆದ ಕಿರುಬೆರಳನ್ನು ಬಾಯಿಯ ಮೂಲೆಯಿಂದ ಒಳಗೆ ತೂರಿಸಿ, ಹಿಡಿತ ಬಿಡಿಸಿ, ಮತ್ತೆ ಶುರು ಮಾಡಿ.

ಎದೆ ಕಲ್ಲಿನಂತೆ ಗಟ್ಟಿಯಾಗಿದ್ದಾಗ ಮಗುವಿನ ಬಾಯಿಗೆ ಹಿಡಿತವೇ ಸಿಗುವುದಿಲ್ಲ, ತೊಟ್ಟು ಒಳಗೆ ಎಳೆದುಕೊಂಡಂತಿರುತ್ತದೆ. ಆಗ ಕೈಯಲ್ಲಿ ಸ್ವಲ್ಪ ಹಿಂಡಿ ಮೆತ್ತಗೆ ಮಾಡಿಕೊಂಡು ಆಮೇಲೆ ಕುಡಿಸಬೇಕು. ಇದೂ ಸಿಸ್ಟರ್ ಹೇಳಿದ್ದೇ.

ಒಂದೇ ದಿನದಲ್ಲಿ ಎಲ್ಲ ಸರಿಹೋಯಿತು ಅನ್ನುವುದಿಲ್ಲ. ಆದರೆ ಅವತ್ತು ಸಂಜೆಯೇ ಮೊದಲ ಸಲ ಮಗು ಕುಡಿಯುವಾಗ ಅವಳ ಮುಖ ನೋಡುತ್ತಾ ಕೂತಿದ್ದೆ. ವಾರ ಕಳೆಯುವಷ್ಟರಲ್ಲಿ ಬಿರುಕು ಕೂಡಿಕೊಂಡಿತು.

ಹಾಗಾದರೆ ಕ್ರೀಮಿನದು ಏನು ಪಾತ್ರ? ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಹಾಕಿ ತೂಗಿ ನೋಡುವ ಕಾಕ್ರೇನ್ ಅನ್ನುವ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆ ಇದೆ. 4 ಪ್ರಯೋಗಗಳಲ್ಲಿ ಭಾಗವಹಿಸಿದ 656 ತಾಯಂದಿರ ಮಾಹಿತಿ ಅದರಲ್ಲಿದೆ. ಏನೂ ಹಚ್ಚದಿದ್ದರೂ, ಎದೆಹಾಲನ್ನೇ ಹಚ್ಚಿದರೂ, ಲ್ಯಾನೋಲಿನ್‌ನಂಥ ಮುಲಾಮಿನಷ್ಟೇ ಅಥವಾ ಅದಕ್ಕಿಂತ ಚೆನ್ನಾಗಿ ಗುಣ ಕಾಣಬಹುದು ಅಂತ ಅವರು ಹೇಳುತ್ತಾರೆ. ಯಾವ ಚಿಕಿತ್ಸೆ ತಗೊಂಡರೂ ಹೆಚ್ಚಿನವರಿಗೆ ಹೆರಿಗೆಯಾಗಿ 7ರಿಂದ 10 ದಿನದ ಹೊತ್ತಿಗೆ ನೋವು ಕಡಿಮೆ ಮಟ್ಟಕ್ಕೆ ಇಳಿದಿತ್ತು. ಮೊದಲ ವಾರದ ಐದು ಸ್ಟಾರ್‌ಗಳಿಗೆ ಕಾರಣ ಇದು. ಇದನ್ನು ಓದಿದ ಮೇಲೂ ನಾನು ಟ್ಯೂಬ್ ಬಿಸಾಡಲಿಲ್ಲ. ಗಾಯ ಒಣಗಿ ಹಕ್ಕಳೆ ಕಟ್ಟಿ, ಪ್ರತಿ ಸಲ ರವಿಕೆ ತೆಗೆದಾಗ ಕಿತ್ತು ಬರುವ ಹಿಂಸೆ ಅದರಿಂದ ತಪ್ಪಿತು. ನನ್ನ ದುಡ್ಡಿಗೆ ಅಷ್ಟು ಸಾಕು. ಕೊಳ್ಳಲು ಆಗದವರು ಏನೋ ಕಳೆದುಕೊಂಡೆವು ಅಂತ ಕೊರಗಬೇಕಿಲ್ಲ, ನಿಮ್ಮ ಹಾಲೇ ಆಗುತ್ತದೆ.

ನಾಲ್ಕನೇ ತಿಂಗಳ ಸುಮಾರಿಗೆ ಬೇರೆ ಥರದ ನೋವು ಬಂತು. ಅಷ್ಟು ದಿನ ಏನೂ ಇರಲಿಲ್ಲ, ಇದ್ದಕ್ಕಿದ್ದಂತೆ ಎರಡೂ ಕಡೆ ಮೆಣಸಿನಕಾಯಿ ಮೆತ್ತಿದಂಥ ಉರಿ, ಕುಡಿಸಿ ಆದ ಮೇಲೂ ನಿಲ್ಲುತ್ತಿರಲಿಲ್ಲ. ಕ್ರೀಮಿನಿಂದ ಒಂದಿಷ್ಟೂ ಪ್ರಯೋಜನ ಆಗಲಿಲ್ಲ. ಮಗುವಿನ ಕೆನ್ನೆ ಒಳಗೆ ಬಿಳಿ ಬಿಳಿ ಮಚ್ಚೆ ಇತ್ತು, ಒರೆಸಿದರೆ ಹೋಗುತ್ತಿರಲಿಲ್ಲ. ಡಾಕ್ಟರು ಫಂಗಸ್ ಸೋಂಕು ಅಂದರು. ತಾಯಿ ಮಗು ಇಬ್ಬರಿಗೂ ಒಟ್ಟಿಗೇ ಔಷಧಿ ಮಾಡಬೇಕು, ಒಬ್ಬರಿಗೆ ಮಾಡಿದರೆ ಇನ್ನೊಬ್ಬರಿಂದ ವಾಪಸ್ ಬರುತ್ತದೆ. ಸೋರುವ ಹಾಲಿಗೆ ರವಿಕೆಯೊಳಗೆ ಇಟ್ಟುಕೊಳ್ಳುವ ಪ್ಯಾಡ್ ಒದ್ದೆಯಾದರೆ ಹಾಗೇ ಬಿಡಬಾರದು, ಪ್ಲಾಸ್ಟಿಕ್ ಪದರ ಇರುವ ಪ್ಯಾಡ್ ಅಂತೂ ಬೇಡ. ಹಳೆ ಕಾಟನ್ ಸೀರೆ ಮಡಚಿ ಇಟ್ಟುಕೊಂಡು ಆಗಾಗ ಬದಲಿಸಿದ್ದು ನನಗೆ ಒಳ್ಳೆಯದಾಯಿತು.

ಹೆರಿಗೆ ರಜೆ ಮುಗಿಸಿ ಮೈಸೂರಿಗೆ ಕೆಲಸಕ್ಕೆ ಬಂದೆ. (ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿದೆ. ಅಷ್ಟು ರಜೆ ಸಿಗದ ಗಾರ್ಮೆಂಟ್ಸ್, ಮನೆಗೆಲಸ, ಹೊಲದ ಕೆಲಸದ ಹೆಣ್ಣುಮಕ್ಕಳನ್ನು ನೆನೆದರೆ ಸಂಕಟವಾಗುತ್ತದೆ.) ಹಾಲು ತೆಗೆಯುವ ಪಂಪ್ ಬಳಸಲು ಶುರು ಮಾಡಿದಾಗ ತೊಟ್ಟು ಮತ್ತೆ ಕೆಂಪಾಯಿತು. ಪಂಪಿನ ಕೊಳವೆ ಬಾಯಿ ಅಳತೆಗೆ ಸರಿಯಿಲ್ಲದೆ ಅಂಚಿಗೆ ಉಜ್ಜುತ್ತಿತ್ತು. ಅಳತೆ ಬದಲಿಸಿ, ಎಳೆತ ಕಡಿಮೆ ಇಟ್ಟು, ಪಂಪ್ ಮಾಡುವ ಮೊದಲು ಚೂರು ಲ್ಯಾನೋಲಿನ್ ಸವರಿದರೆ ಆರಾಮ. ಕ್ರೀಮ್ ನಿಜವಾಗಿ ಹೆಚ್ಚು ಕೆಲಸಕ್ಕೆ ಬಂದದ್ದು ಈ ತಿಂಗಳುಗಳಲ್ಲಿ.

ಹಲ್ಲು ಬಂದಾಗ ಕಚ್ಚುತ್ತಾಳೆ ಅಂತ ಎಲ್ಲರೂ ಹೆದರಿಸಿದ್ದರು. ಕಚ್ಚಿದಳು, ನಿಜ. ಆದರೆ ಮಗು ಸರಿಯಾಗಿ ಕುಡಿಯುತ್ತಿರುವಾಗ ನಾಲಿಗೆ ಕೆಳಗಿನ ಹಲ್ಲನ್ನು ಮುಚ್ಚಿರುತ್ತದೆ, ಕಚ್ಚಲು ಆಗುವುದಿಲ್ಲ. ಕಚ್ಚುವುದು ಹೊಟ್ಟೆ ತುಂಬಿ ಆಟ ಶುರುವಾದಾಗ. ನುಂಗುವ ಸದ್ದು ನಿಂತ ಕೂಡಲೇ ಬಿಡಿಸಿದರೆ ಆಯಿತು.

ತೊಟ್ಟಿನ ಮೇಲೆ ಇಟ್ಟು ಕುಡಿಸುವ ಸಿಲಿಕಾನ್ ನಿಪ್ಪಲ್ ಶೀಲ್ಡನ್ನು ಕೆಲವು ದಿನ ಇಟ್ಟುಕೊಂಡಿದ್ದೆ, ಇಷ್ಟವಾಗಲಿಲ್ಲ. ಅಳತೆ ತಪ್ಪಿದರೆ ಮಗುವಿಗೆ ಹಾಲು ಕಡಿಮೆ ಹೋಗಬಹುದು. ತಿಳಿದವರು ಹೇಳಿದರೆ ಮಾತ್ರ ಬಳಸಿ, ಮಗುವಿನ ತೂಕ ನೋಡುತ್ತಿರಿ. ತೊಟ್ಟಿನ ಮೇಲೆ ಮುಚ್ಚಿಕೊಳ್ಳುವ ಪುಟ್ಟ ಬೆಳ್ಳಿ ಕಪ್ ಅಂತ ಈಗ ಬಂದಿದೆ, ಅದನ್ನು ನಾನು ಕೊಂಡಿಲ್ಲ.

ಹಿಡಿತ ಸರಿ ಮಾಡಿದ ಮೇಲೂ ನೋವು ಇಳಿಯದಿದ್ದರೆ ಮಗುವಿನ ನಾಲಿಗೆ ಕೆಳಗೆ ಬಿಗಿಯಾಗಿ ಅಂಟಿದೆಯಾ ಅಂತ ಮಕ್ಕಳ ಡಾಕ್ಟರಿಗೆ ತೋರಿಸಿ. ಗಾಯದಲ್ಲಿ ಕೀವು ಬಂದರೆ, ಎದೆಯ ಒಂದು ಭಾಗ ಕೆಂಪಾಗಿ ಬಿಸಿಯಾಗಿ ಚಳಿಜ್ವರ ಬಂದರೆ ಕ್ರೀಮ್ ಹಚ್ಚುತ್ತಾ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಮೈಸೂರಿನವರಿಗೆ ಚೆಲುವಾಂಬ ಇದೆ, ಮಂಡ್ಯದವರಿಗೆ ಮಿಮ್ಸ್ ಇದೆ, ಊರಲ್ಲಿರುವವರು ಆಶಾ ಕಾರ್ಯಕರ್ತೆಗೆ ಹೇಳಿದರೆ ಎಲ್ಲಿಗೆ ಹೋಗಬೇಕು ಅಂತ ಅವರೇ ತಿಳಿಸುತ್ತಾರೆ. ಎದೆ ಬಾತು ಜ್ವರ ಬಂದಾಗಲೂ ಸಾಮಾನ್ಯವಾಗಿ ಹಾಲು ಕುಡಿಸುವುದನ್ನು ನಿಲ್ಲಿಸಬೇಕಿಲ್ಲ, ಆ ಹಾಲಿನಿಂದ ಮಗುವಿಗೆ ತೊಂದರೆ ಇಲ್ಲ. ಕುಡಿಸಲು ಆಗದಷ್ಟು ನೋವಿದ್ದರೆ ಕೈಯಲ್ಲಿ ಹಿಂಡಿ ಬಟ್ಟಲಲ್ಲಿ ಕುಡಿಸಿ.